ಬೈಸಿಕೊಳ್ಳದ ಫ್ರಿಜ್ಜು

ಕೋಲಾರದ ಕಡೆಯ ಮನೆಗಳಲ್ಲಿ ಕರೆಂಟಿನ ವಿಷಯಕ್ಕೆ ಬೈಸಿಕೊಳ್ಳುವುದು ಮಿಕ್ಸಿ. ಚಟ್ನಿಗೆಂದು ಅದು ಅರಚಿದ ಕೂಡಲೇ ನಡುಮನೆಯಿಂದ ‘ಸಾಕು ನಿಲ್ಲಿಸಮ್ಮ, ಮೀಟರು ಓಡುತ್ತಿದೆ’ ಎಂಬ ಕೂಗು ಬರುತ್ತದೆ. ಪಾಪ, 750 ವಾಟಿನ ಮಿಕ್ಸಿ ಪೂರಾ ಬಲ ಹಾಕಿ ಎಂಟು ನಿಮಿಷ ತಿರುಗಿದರೂ ಖರ್ಚಾಗುವುದು ಒಂದು ಯೂನಿಟ್ಟಿನ ಹತ್ತರಲ್ಲೊಂದು ಪಾಲು. ಅಷ್ಟು ಹೊತ್ತು ರುಬ್ಬಿದ ಚಟ್ನಿ ಖಾಲಿಯಾಗಲು ದಿಬ್ಬಣವೇ ಬರಬೇಕು. ಮೂಲೆಯಲ್ಲಿರುವ ಗುಮ್ಮನಗುಸುಕ ಫ್ರಿಜ್ಜು ಹಗಲೂ ರಾತ್ರಿಯೂ ಉಣ್ಣುತ್ತಲೇ ಇರುತ್ತದೆ. ಅದನ್ನು ಬೈದವರನ್ನು ನಾನು ಕಂಡಿಲ್ಲ.

ಹೊಸದು ಕೊಳ್ಳುವಾಗ ಮಾತ್ರ ಎಲ್ಲರೂ ಜ್ಯೋತಿಷಿಗಳಾಗಿ ನಕ್ಷತ್ರ ನೋಡುತ್ತೇವೆ. ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಶುರುಮಾಡಿದ ಚೀಟಿ ಅದು. ಐದು ನಕ್ಷತ್ರ ಕಂಡರೆ ಸಾಕು, ಕೆಳಗೆ ಬರೆದ ‘ವರ್ಷಕ್ಕೆ ಇಷ್ಟು ಯೂನಿಟ್’ ಎಂಬ ಸಂಖ್ಯೆಯತ್ತ ಕಣ್ಣು ಹಾಯುವುದಿಲ್ಲ. ನಕ್ಷತ್ರ ಕೊಡುವುದು ಗಾತ್ರವನ್ನು ಲೆಕ್ಕಕ್ಕೆ ಹಿಡಿದು. ಹಾಗಾಗಿ ಐದು ನಕ್ಷತ್ರದ ದೊಡ್ಡ ಫ್ರಿಜ್ಜು ಮೂರು ನಕ್ಷತ್ರದ ಚಿಕ್ಕದಕ್ಕಿಂತ ಹೆಚ್ಚು ಕರೆಂಟು ತಿನ್ನಬಹುದು. ನಾಲ್ಕು ಜನರ ಮನೆಗೆ ಛತ್ರಕ್ಕಾಗುವಷ್ಟು ದೊಡ್ಡದನ್ನು ತಂದು, ಉಳಿಸಿದೆವು ಎಂದು ಬೀಗುವವರಿದ್ದಾರೆ.

ತಮಾಷೆ ಶುರುವಾಗುವುದು ಹೊಸದು ಮನೆ ತುಂಬಿದ ಮೇಲೆ. ‘ಓಡುತ್ತಿದೆಯಲ್ಲ, ಇರಲಿ ಬಿಡು’ ಎಂದು ಹಳೆಯದು ನಡುಮನೆಗೆ ಬಡ್ತಿ ಪಡೆಯುತ್ತದೆ. ಚಳಿಗಾಲದಲ್ಲಿ ಹಿತಕಿದ ಅವರೆಬೇಳೆ, ಬೇಸಿಗೆಯಲ್ಲಿ ಶ್ರೀನಿವಾಸಪುರದ ಮಾವು. ಇಡಲು ಏನಾದರೂ ಸಿಕ್ಕೇ ಸಿಗುತ್ತದೆ. ಏನೂ ಇಲ್ಲದ ದಿನ ಮೊನ್ನೆಯ ಸಾರು. ಕಾವೇರಿಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಕರೆಂಟು ಬಂತು. ಬೆಂಗಳೂರಿನ ಬೀದಿಗಳು ಬೆಳಗಿದ್ದು ಆಮೇಲೆ, 1905ರಲ್ಲಿ. ಚಿನ್ನ ಅಗೆಯಲು ಬಂದದ್ದನ್ನು ಹಳಸಿದ ಸಾರಿನ ಕಾವಲಿಗೆ ನಿಲ್ಲಿಸಿದ್ದೇವೆ.

ಎರಡು ಫ್ರಿಜ್ಜುಗಳ ಊಟ ಬಿಲ್ಲಿನಲ್ಲಾದರೂ ಕಾಣಬೇಕಿತ್ತು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳ ಬಿಲ್ಲಿನಲ್ಲಿ ಸೊನ್ನೆ. ಸೊನ್ನೆಯನ್ನು ಯಾರು ತಿರುಗಿಸಿ ನೋಡುತ್ತಾರೆ? ಬಳಕೆ 200 ಯೂನಿಟ್ ದಾಟಿ ಇಡೀ ಬಿಲ್ಲು ತಲೆಯ ಮೇಲೆ ಬಂದ ತಿಂಗಳು ತನಿಖೆ ನಡೆಯುತ್ತದೆ, ಮೊದಲ ಆರೋಪಿ ಮತ್ತೆ ಮಿಕ್ಸಿ.

ಹಳೆಯದನ್ನು ಗುಜರಿಗೆ ಕೊಡಲು ಮನಸ್ಸಾಗದವರಿಗೆ ನನ್ನದೊಂದು ಸಲಹೆ ಇದೆ. ಪ್ಲಗ್ ಕಿತ್ತು, ಒಳಗೆ ಚೆನ್ನಾಗಿ ಒರೆಸಿ, ರಾಗಿ ಹಿಟ್ಟಿನ ಡಬ್ಬ, ಹುಣಸೆಹಣ್ಣಿನ ಭರಣಿ ಜೋಡಿಸಿ. ಬಾಗಿಲು ಭದ್ರವಾಗಿರುತ್ತದೆ, ಇಲಿಯೂ ನುಗ್ಗುವುದಿಲ್ಲ.