ಸತ್ಯಾಂಶ: ಸಾಕಿದ ಹಾವು ಫ್ರೀಜರ್ ಇಲಿ ತಿನ್ನಲ್ಲವಾ?

"ಹಾವಿಗೆ ಜೀವಂತ ಇಲಿಯೇ ಬೇಕು, ಫ್ರೀಜರ್‌ದು ಕೊಟ್ಟರೆ ಉಪವಾಸ ಸಾಯುತ್ತದೆ" ಅಂತ ಬೆಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫಾರ್ವರ್ಡ್ ಓಡಾಡುತ್ತಿದೆ. ಇದು ತಪ್ಪು.

ಬಾಲ್ ಪೈಥಾನ್ (ಮನೆಯಲ್ಲಿ ಸಾಕುವ ಆಫ್ರಿಕಾದ ಸಣ್ಣ ಹೆಬ್ಬಾವು) ನಾಲಿಗೆ ಚಾಚಿ ವಾಸನೆ ಹಿಡಿಯುತ್ತದೆ, ತುಟಿ ಮೇಲಿನ ಸಣ್ಣ ಗುಳಿಗಳಿಂದ ಬಿಸಿ ಗುರುತಿಸುತ್ತದೆ. ತಣ್ಣಗಿನ ಇಲಿ ಇಟ್ಟರೆ ಮೂತಿ ತಿರುಗಿಸುತ್ತದೆ, ಅಷ್ಟೇ. ಹಿಂದಿನ ರಾತ್ರಿ ಫ್ರಿಜ್‌ನಲ್ಲಿಟ್ಟು ಪೂರ್ತಿ ಕರಗಿಸಿ, ಕೊಡುವ ಮುಂಚೆ ಕವರಿಗೆ ಹಾಕಿ ಬಿಸಿನೀರಲ್ಲಿ ಅದ್ದಿ, ಮುಟ್ಟಿದರೆ ಬೆಚ್ಚಗಿರಬೇಕು, ಸುಮಾರು 38 ಡಿಗ್ರಿ. ಮೈಕ್ರೋವೇವ್ ಬೇಡವೇ ಬೇಡ, ಇಲಿಯ ಹೊಟ್ಟೆ ಒಡೆಯುತ್ತದೆ. ಕತ್ತಲಾದ ಮೇಲೆ ಉದ್ದ ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ.

ಮೊದಲ ಸಲ ತಿನ್ನದಿದ್ದರೆ ಗಾಬರಿ ಬೇಡ, ವಾರ ಬಿಟ್ಟು ಮತ್ತೆ ಕೊಡಿ. ಆರೋಗ್ಯವಾಗಿರುವ ದೊಡ್ಡ ಹಾವು ಕೆಲವು ವಾರ ತಿನ್ನದೆ ಇರಬಲ್ಲದು. ಮರಿಯಾದರೆ, ತೂಕ ಇಳಿಯುತ್ತಿದ್ದರೆ, ಸುಮ್ನೆ ಕಾಯಬೇಡಿ, ವೈದ್ಯರಿಗೆ ತೋರಿಸಿ.

(ಇದೆಲ್ಲ ನೋಂದಣಿ ಮಾಡಿಸಿದ ಹೊರದೇಶದ ಹಾವಿಗೆ. ನಾಗರಹಾವು, ಕೇರೆಹಾವು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ.)

ಅಪಾಯ ಜಾಸ್ತಿ ಇರುವುದು ಜೀವಂತ ಇಲಿಯಿಂದಲೇ. ಹಸಿವಿಲ್ಲದ ಹಾವಿನ ಜೊತೆ ರಾತ್ರಿಯಿಡೀ ಬಿಟ್ಟರೆ ಅದು ಹಾವಿನ ಬೆನ್ನನ್ನೇ ಮೂಳೆ ಕಾಣುವಷ್ಟು ಕಡಿದುಬಿಡಬಹುದು, ಹಾವು ಸುಮ್ಮನೆ ಸುರುಳಿ ಸುತ್ತಿಕೊಂಡು ಮಲಗಿರುತ್ತದೆ.