ಕಪ್ಪು ನಿಲುವಂಗಿಯವನನ್ನು ಅವಸರದಲ್ಲಿ ತಿರುಗಿಸಬೇಡಿ

ಟ್ಯಾರೋ ಕಾರ್ಡು ಹಾಕಿ ಭವಿಷ್ಯ ನೋಡುವವರಲ್ಲಿ ಒಂದು ರೂಢಿ ಬೆಳೆದುಬಿಟ್ಟಿದೆ. ಫೈವ್ ಆಫ್ ಕಪ್ಸ್, ಅಂದರೆ ಐದು ಬಟ್ಟಲಿನ ಕಾರ್ಡು ಬಿತ್ತು ಅಂದರೆ ಸಾಕು, "ಹಿಂದೆ ನೋಡಿ, ಇನ್ನೂ ಎರಡು ಬಟ್ಟಲು ನೆಟ್ಟಗೆ ನಿಂತಿವೆ" ಎಂದು ಹೇಳಿ ಮುಂದಿನ ಕಾರ್ಡಿಗೆ ಹೋಗುತ್ತಾರೆ. ಸಾವಿನ ಮನೆಗೆ ಬಂದವರು ಚಪ್ಪಲಿ ಬಿಡುವಾಗಲೇ "ಆದದ್ದು ಆಯ್ತು, ಮಕ್ಕಳ ಮುಖ ನೋಡಿ ಧೈರ್ಯ ತಂದ್ಕೊಳ್ಳಿ" ಅನ್ನುತ್ತಾರಲ್ಲ, ಹಾಗೆ. ಮಾತು ಸುಳ್ಳಲ್ಲ, ಆದರೆ ಅದನ್ನು ಹೇಳುವ ಹೊತ್ತು ಇನ್ನೂ ಬಂದಿರುವುದಿಲ್ಲ.

ಚಿತ್ರವನ್ನೇ ನಿಧಾನಕ್ಕೆ ನೋಡಿ. 1909ರಲ್ಲಿ ಲಂಡನ್ನಿನ ರೈಡರ್ ಪ್ರಕಾಶನ ಹೊರತಂದ ಡೆಕ್ಕಿನದು, ಅಂದರೆ ಕಾರ್ಡುಗಳ ಕಟ್ಟಿನದು. ಬರೆಸಿದವರು ಆರ್ಥರ್ ಎಡ್ವರ್ಡ್ ವೇಟ್, ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಫ್ರಾನ್ಸಿನ ಹಳೆಯ ಮಾರ್ಸೇ ಡೆಕ್ಕುಗಳಲ್ಲಿ ಈ ಕಾರ್ಡಿನ ಮೇಲೆ ಮನುಷ್ಯನೇ ಇಲ್ಲ. ಇಸ್ಪೀಟಿನ ಐದರ ಹಾಗೆ ಮೂಲೆಗೊಂದು, ನಡುವೆ ಒಂದು ಬಟ್ಟಲು, ಜೊತೆಗೆ ಹೂಬಳ್ಳಿ, ಅಷ್ಟೇ. ಆ ದುಃಖಕ್ಕೆ ಮೈ ಕೊಟ್ಟವರು ಪಮೇಲಾ.

ಬೂದು ಆಕಾಶದ ಕೆಳಗೆ ಕಪ್ಪು ನಿಲುವಂಗಿ ಹೊದ್ದು ತಲೆ ತಗ್ಗಿಸಿ ನಿಂತ ಆಕೃತಿ. ಮುಂದೆ ಉರುಳಿದ ಮೂರು ಬಟ್ಟಲು. ಚೆಲ್ಲಿದ್ದರಲ್ಲಿ ಕೆಂಪೂ ಇದೆ, ಹಸಿರೂ ಇದೆ. ಬೆನ್ನ ಹಿಂದೆ ಎರಡು ಬಟ್ಟಲು ನಿಂತಿವೆ. ಆಚೆ ಹೊಳೆ, ಸೇತುವೆ, ಪುಟ್ಟದೊಂದು ಕೋಟೆಮನೆ. ಈಗ ಅವನ ಕೈ ಹುಡುಕಿ. ಕಾಣುವುದಿಲ್ಲ. ನಿಲುವಂಗಿಯೊಳಗೆ ಎರಡೂ ಕೈ ಮುಚ್ಚಿಹೋಗಿವೆ. ಉಳಿದ ಬಟ್ಟಲನ್ನು ಎತ್ತಿಕೋ ಅಂತ ನಾವು ಹೇಳುತ್ತಿರುವುದು ಕೈಯನ್ನೇ ಹೊರಗೆ ತೆಗೆಯದವನಿಗೆ. ಇನ್ನೊಂದು: ಆ ಎರಡು ಬಟ್ಟಲಲ್ಲಿ ಏನಿದೆ, ಎಷ್ಟಿದೆ ಅನ್ನುವುದು ಚಿತ್ರದಲ್ಲಿಲ್ಲ. ತುಂಬಿವೆ ಅನ್ನುವುದು ನೋಡುವವರು ಸೇರಿಸಿಕೊಂಡ ಮಾತು.

ಆದ್ದರಿಂದ ಮೊದಲ ಪ್ರಶ್ನೆ "ಏನು ಉಳಿದಿದೆ" ಅಂತ ಇರಬಾರದು. "ಯಾವ ಮೂರು ಹೋದವು" ಅಂತಲೇ ಕೇಳಿ, ಒಂದೊಂದಾಗಿ ಹೆಸರಿಡಲು ಬಿಡಿ. ಕೆಲಸ ಹೋಯಿತು ಅನ್ನುವವರು ಮೊದಲಿಗೆ ಒಂದನ್ನೇ ಹೇಳುತ್ತಾರೆ. ಸುಮ್ಮನೆ ಕಾದರೆ ಎರಡನೆಯದು ಬರುತ್ತದೆ: ನೆಂಟರೆದುರು ತಲೆಯೆತ್ತಿ ಕೂರುವ ಧೈರ್ಯ. ಮೂರನೆಯದಕ್ಕೆ ಹೊತ್ತು ಹಿಡಿಯುತ್ತದೆ. ನಿಜವಾಗಿ ನೋಯುತ್ತಿರುವುದು ಹೆಚ್ಚಾಗಿ ಅದೇ. ಎರಡು ಬಟ್ಟಲ ಮಾತು ಅದಾದ ಮೇಲೆ ಬರಲಿ, ಅದೂ ಎದುರಿಗೆ ಕೂತವರ ಬಾಯಿಂದಲೇ. ಸೇತುವೆ ದಾಟಿ ಮುಂದೆ ಹೋಗುವ ಮಾತು ಎಲ್ಲಕ್ಕಿಂತ ಕೊನೆಗೆ.

ವೇಟ್ ಕೊಟ್ಟ ಅರ್ಥದಲ್ಲಿ ಹಲವರು ಬಿಟ್ಟೇಬಿಡುವ ಒಂದು ತುಂಡಿದೆ: ಪಿತ್ರಾರ್ಜಿತ, ಹಿರಿಯರಿಂದ ಬಂದದ್ದು, ಆದರೆ ಎಣಿಸಿದಷ್ಟಲ್ಲ. ನಮ್ಮಲ್ಲಿ ಹಿಸ್ಸೆ, ಪಾಲುಪಟ್ಟಿಯ ವಿಷಯ ಕೇಳಲು ಬರುವವರಿಗೆ ಇದು ನೇರವಾಗಿ ತಾಗುತ್ತದೆ. ಪಕ್ಕದಲ್ಲಿ ಮನೆತನದ ಸಿರಿಯನ್ನು ಸೂಚಿಸುವ ಟೆನ್ ಆಫ್ ಪೆಂಟಕಲ್ಸ್ ಬಿದ್ದಿದ್ದರೆ ಪ್ರೇಮಭಂಗದ ಕಡೆ ಹೋಗುವ ಮುನ್ನ ಮನೆತನದ ಆಸ್ತಿ ವಿಚಾರಿಸಿ. ಗದ್ದೆ ಕೈತಪ್ಪಿದ್ದಕ್ಕಿಂತ "ಅಪ್ಪ ನನ್ನನ್ನು ಲೆಕ್ಕಕ್ಕೇ ಇಡಲಿಲ್ಲ" ಅನ್ನುವ ನೋವು ದೊಡ್ಡದಿರಬಹುದು.

ಜ್ಯೋತಿಷ ಬಲ್ಲವರಿಗೊಂದು ಮಾತು. ಗೋಲ್ಡನ್ ಡಾನ್ ಎಂಬ ಬ್ರಿಟನ್ನಿನ ಗೂಢವಿದ್ಯಾ ಪಂಥದವರು ಈ ಕಾರ್ಡಿಗೆ ವೃಶ್ಚಿಕದ ಕುಜನನ್ನು ಹೊಂದಿಸಿದರು. ಕುಜ ಅಲ್ಲಿ ಸ್ವಕ್ಷೇತ್ರದಲ್ಲಿದ್ದಾನೆ, ಬಲವಾಗಿದ್ದಾನೆ, ಹಾಗಾಗಿ ಫಲ ಒಳ್ಳೆಯದು ಎಂದು ಹೊರಡಬೇಡಿ. ಅವರು ಇಟ್ಟ ಹೆಸರು ಸುಖದಲ್ಲಿ ನಷ್ಟ ಎಂಬರ್ಥದ್ದು. ಎರಡು ಪದ್ಧತಿಗಳನ್ನು ಕಲಸಿದರೆ ಎರಡೂ ಕೆಡುತ್ತವೆ.

ಕಾರ್ಡು ತಲೆಕೆಳಗಾಗಿ ಬಂದರೆ ವೇಟ್ ಹೇಳುವುದು ಸುದ್ದಿ, ಬಂಧುತ್ವ, ಮರಳಿ ಬರುವುದು. ಈಗಿನವರು ಚೇತರಿಕೆ ಅನ್ನುತ್ತಾರೆ. ಯಾವುದೆಂದು ಅಕ್ಕಪಕ್ಕ ನೋಡಿ ತೀರ್ಮಾನಿಸಿ. ಸಿಕ್ಸ್ ಆಫ್ ಕಪ್ಸ್ ಜೊತೆಗಿದ್ದರೆ ಹಳೆಯ ನಂಟು ಬಾಗಿಲು ತಟ್ಟುವ ಸೂಚನೆ. ಏಟ್ ಆಫ್ ಕಪ್ಸ್ ಇದ್ದರೆ ಉಳಿದದ್ದನ್ನೂ ಬಿಟ್ಟು ಹೊರಡುವ ಮನಸ್ಸು. ತ್ರೀ ಆಫ್ ಸ್ವೋರ್ಡ್ಸ್ ಇದ್ದರೆ ಗಾಯ ಇನ್ನೂ ಹಸಿ, ಚೇತರಿಕೆಯ ಮಾತು ಎತ್ತಲೇಬೇಡಿ.

ಎಲ್ಲಕ್ಕಿಂತ ಹೆಚ್ಚು ಹಾಳುಮಾಡುವುದು, ಈ ಕಾರ್ಡು ಬಿದ್ದ ಗಾಬರಿಗೆ ಒಳ್ಳೆಯದೊಂದು ಬರುವ ತನಕ ಮೇಲಿಂದ ಮೇಲೆ ಎಳೆಯುವುದು. ಸ್ಪಷ್ಟತೆಗೆ ಬೇಕಿದ್ದರೆ ಇನ್ನೊಂದೇ ಒಂದು, ಅದಕ್ಕಿಂತ ಹೆಚ್ಚು ಬೇಡ. ನಾಲ್ಕನೆಯದಕ್ಕೆ ಸನ್, ಅಂದರೆ ನಗುವ ಸೂರ್ಯನ ಕಾರ್ಡು ಬಂದು ನೀವು ನಕ್ಕರೆ, ಅಳುವುದು ತಪ್ಪು ಎಂದು ಎದುರಿನವರಿಗೆ ಹೇಳಿದಂತಾಯಿತು. ಭವಿಷ್ಯ ಸೂಚಿಸುವ ಜಾಗದಲ್ಲಿ ಫೈವ್ ಆಫ್ ಕಪ್ಸ್ ಬಿದ್ದರೆ ಸಾವು, ಕಾಯಿಲೆ ಅಂತ ಬಾಯಿಗೆ ತರಲೇಬೇಡಿ. ನಿರೀಕ್ಷೆಗೂ ಕೈಗೆ ಸಿಗುವುದಕ್ಕೂ ನಡುವೆ ಅಂತರವಿರಬಹುದು, ಅಷ್ಟೇ ಹೇಳಿ. ಎದುರಿಗೆ ಕೂತವರು ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂದರೆ ಕಾರ್ಡುಗಳನ್ನು ಎತ್ತಿಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಅಲ್ಲೇ ಕೂತು ಫೋನ್ ಮಾಡಿಸಿ, ಮಾತು ಮುಗಿಯುವ ತನಕ ಪಕ್ಕದಲ್ಲೇ ಇರಿ.