ಗೂಬೆ ಪೆಟ್ರೋಲಿನ ಲೀಡರ್

ಎಂಟನೇ ಕ್ಲಾಸಿನಲ್ಲಿ ನಾನು ಲೀಡರ್ ಆದೆ. ಶಾಲೆಯ ಸ್ಕೌಟ್ ಟ್ರೂಪಿನಲ್ಲಿ ಪೆಟ್ರೋಲ್ ಲೀಡರ್. ಬನಶಂಕರಿಯ ಮನೆಗೆ ಓಡಿ ಬಂದು ಸುದ್ದಿ ಹೇಳಿದರೆ, ಹೂ ಕಟ್ಟುತ್ತಿದ್ದ ಅಜ್ಜಿ ತಲೆ ಎತ್ತದೆ ಕೇಳಿದರು: "ಪೆಟ್ರೋಲ್ ಲೀಟರ್ರಾ? ಈಗ ಎಷ್ಟಾಗಿದೆಯೋ?"

ಸ್ಕೌಟಿನಲ್ಲಿ ಆರರಿಂದ ಎಂಟು ಹುಡುಗರ ಗುಂಪಿಗೆ ಪೆಟ್ರೋಲ್ ಅನ್ನುತ್ತಾರೆ. ಪ್ರತಿ ಗುಂಪಿಗೂ ಒಂದು ಪ್ರಾಣಿಯದ್ದೋ ಹಕ್ಕಿಯದ್ದೋ ಹೆಸರು. ಹೆಸರಿನ ಚೀಟಿ ಎತ್ತಿದ ದಿನ ನನಗೆ ಜ್ವರ. ವಾಪಸ್ ಬರುವಷ್ಟರಲ್ಲಿ ಹುಲಿ, ಸಿಂಹ, ಗಿಡುಗ ಎಲ್ಲಾ ಖಾಲಿ. ಉಳಿದಿದ್ದು ಗೂಬೆ. "ಫಾರಿನ್ನಲ್ಲಿ ಗೂಬೆ ಅಂದ್ರೆ ಬುದ್ಧಿವಂತ ಹಕ್ಕಿ ಕಣೋ" ಎಂದು ಮೇಷ್ಟ್ರು ಸಮಾಧಾನ ಮಾಡಿದರು. ನಾವಿದ್ದದ್ದು ಬನಶಂಕರಿಯಲ್ಲಿ. ಸಾಲದ್ದಕ್ಕೆ, ಪೆಟ್ರೋಲಿನವರು ತಮ್ಮ ಹಕ್ಕಿಯ ಹಾಗೇ ಕೂಗಬೇಕು ಎನ್ನುವ ಪದ್ಧತಿ ಬೇರೆ.

ಎಡ ಜೇಬಿನ ಮೇಲೆ ಎರಡು ಪಟ್ಟಿ ಬಂತು. ನನ್ನ ಕೈಕೆಳಗಿನ ಉಪನಾಯಕನಿಗೆ, ಅಂದರೆ ಸೆಕೆಂಡ್‌ಗೆ, ಒಂದು. ಇನ್ನು ಕೂತಲ್ಲೇ ಆರ್ಡರ್ ಮಾಡುವುದು ಎಂದುಕೊಂಡಿದ್ದೆ. ಆದರೆ ಲೀಡರ್ ಮೊದಲು ಕೆಲಸ ಹಂಚಬೇಕಂತೆ. ರಿಜಿಸ್ಟರ್ ಬರೆಯುವವನೊಬ್ಬ, ಹಗ್ಗ ಪಾತ್ರೆ ನೋಡಿಕೊಳ್ಳುವವನೊಬ್ಬ, ನಮ್ಮ ಒಟ್ಟು ಹದಿನಾಲ್ಕು ರೂಪಾಯಿಗೆ ಖಜಾಂಚಿ ಒಬ್ಬ. ಈ ಹುದ್ದೆಗಳಿಗೆಲ್ಲ ಜಗಳವೇ ಆಯಿತು. ಪಾತ್ರೆ ತಿಕ್ಕುವ ಹುದ್ದೆಗೆ ಮಾತ್ರ ಯಾರೂ ಬರಲಿಲ್ಲ. ಎರಡು ಪಟ್ಟಿಯವನೇ ತಿಕ್ಕಿದ.

ಲೀಡರುಗಳೆಲ್ಲ ಕೂತು ಟ್ರೂಪಿನ ತೀರ್ಮಾನ ಮಾಡುವ ಸಭೆಗೆ ಕೋರ್ಟ್ ಆಫ್ ಆನರ್ ಎಂದು ಹೆಸರು. "ಶನಿವಾರ ಕೋರ್ಟಿದೆ" ಎಂದಾಗ ಅಮ್ಮ ಗಾಬರಿಯಾಗಿದ್ದರು. ಗಾಬರಿ ಸರಿಯಾಗೇ ಇತ್ತು. ಯಾರು ಹಗ್ಗ ಕಳೆದರೂ, ಯಾರು ಸ್ಕಾರ್ಫ್ ಮರೆತು ಬಂದರೂ ಅಲ್ಲಿ ಉತ್ತರ ಹೇಳುವವನು ನಾನು. ತಲೆ ಮೇಲೆ ಗೂಬೆ ಕೂರಿಸುವುದು ಅನ್ನುತ್ತಾರಲ್ಲ, ನಮ್ಮ ಪೆಟ್ರೋಲಿನಲ್ಲಿ ಅದು ಬರೀ ಗಾದೆಮಾತಲ್ಲ.

ಇಷ್ಟೆಲ್ಲದರ ನಡುವೆ ನನಗೆ ಖುಷಿ ಕೊಟ್ಟಿದ್ದು ವಿಶಲ್. ಉದ್ದುದ್ದವಾಗಿ, ನಿಧಾನವಾಗಿ ಊದಿದರೆ ಚದುರಿ ಎಂದರ್ಥ. ಚಿಕ್ಕದಾಗಿ, ಬೇಗ ಬೇಗ ಊದಿದರೆ ಬಂದು ಸೇರಿ. ಮೂರು ಚಿಕ್ಕದು ಒಂದು ಉದ್ದ ಬಂದರೆ ಲೀಡರುಗಳು ಓಡಬೇಕು. ಮನೆಯಲ್ಲಿ ಪ್ರಾಕ್ಟೀಸ್ ಶುರು ಮಾಡಿದೆ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಅಮ್ಮ ಅಲ್ಲಿಂದಲೇ ಲೆಕ್ಕ ಹಾಕಿ, ಮೂರು ವಿಶಲ್ ಆಯಿತೆಂದು ಬಂದು ಕುಕ್ಕರ್ ಆರಿಸಿದರು. ಆ ಮೂರರಲ್ಲಿ ಎರಡು ನನ್ನವು. ಅವತ್ತಿನ ಹುಳಿಯಲ್ಲಿ ಬೇಳೆ ಕಲ್ಲಿನ ಹಾಗಿತ್ತು. ಅಪ್ಪ ಏನೂ ಹೇಳದೆ ಮಜ್ಜಿಗೆ ಅನ್ನ ಕಲೆಸಿಕೊಂಡರು.

ಮುಂದಿನ ಶನಿವಾರ ಕಬ್ಬನ್ ಪಾರ್ಕಿಗೆ ಹೈಕ್. ಇನ್ನೊಂದು ಶಾಲೆಯ ಟ್ರೂಪೂ ಬಂದಿತ್ತು. ಬ್ಯಾಂಡ್‌ಸ್ಟ್ಯಾಂಡ್ ಹತ್ತಿರ ನಿಲ್ಲಿಸಿಕೊಂಡು ಮೇಷ್ಟ್ರು ಮಾಮೂಲಿ ಭಾಷಣ ಮಾಡಿದರು. 1907ರಲ್ಲಿ, ಸ್ಕೌಟ್ ಶುರು ಮಾಡಿದ ಬೇಡನ್ ಪೊವೆಲ್ ಸಾಹೇಬರು ಇಂಗ್ಲೆಂಡಿನ ಒಂದು ದ್ವೀಪದಲ್ಲಿ ಹುಡುಗರನ್ನು ಗುಂಪು ಗುಂಪಾಗಿ ಹಂಚಿ, ಒಬ್ಬೊಬ್ಬ ಹುಡುಗನ ಕೈಗೇ ಒಂದೊಂದು ಗುಂಪು ಕೊಟ್ಟರು. ಎರಡೇ ವರ್ಷಕ್ಕೆ, 1909ರಲ್ಲಿ, ಭಾರತದ ಮೊದಲ ಟ್ರೂಪ್ ನಮ್ಮ ಬೆಂಗಳೂರಿನಲ್ಲೇ ಶುರುವಾಯಿತು. "ಈ ಊರಿನ ಮಾನ ನಿಮ್ಮ ಕೈಲಿದೆ" ಎಂದು ನನ್ನ ಕಡೆಗೇ ನೋಡಿದರು.

ಊಟದ ಹೊತ್ತಿಗೆ ನನ್ನವರನ್ನು ಸೇರಿಸಬೇಕಿತ್ತು. ಜನ ನೋಡುತ್ತಿದ್ದಾರಲ್ಲ ಎಂದು ಎದೆ ಉಬ್ಬಿಸಿ, ಉದ್ದವಾಗಿ, ಗಂಭೀರವಾಗಿ ಊದಿದೆ. ಬಿದಿರು ಮೆಳೆಯ ನೆರಳಲ್ಲಿ ಚಿತ್ರಾನ್ನದ ಡಬ್ಬಿ ತೆಗೆಯುತ್ತಿದ್ದ ಹುಡುಗರು ತಟ್ಟನೆ ಎದ್ದು ದಿಕ್ಕಿಗೊಬ್ಬರಂತೆ ಓಡಿದರು. ಅಷ್ಟು ಚೆನ್ನಾಗಿ ಅವರು ನನ್ನ ಮಾತು ಕೇಳಿದ್ದು ಅದೊಂದೇ ಸಲ. ತಪ್ಪು ಗೊತ್ತಾಗಿ ಚಿಕ್ಕದಾಗಿ ಊದಿದೆ, ಯಾರೂ ಬರಲಿಲ್ಲ. ಗೂಬೆಯ ಹಾಗೆ ಕೂಗಿದೆ. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ನಿಂತು ನೋಡಿ, ದಾರಿ ಬದಲಿಸಿದರು.

ಅರ್ಧ ಗಂಟೆ ಕಳೆದ ಮೇಲೆ ಒಬ್ಬೊಬ್ಬರಾಗಿ ಬಂದರು. ಎಣಿಸಿದೆ, ಎಂಟು. ನನ್ನನ್ನೂ ಸೇರಿಸಿಯೇ ಎಣಿಸಿದ್ದೆ, ಆ ಹಳೇ ಕಥೆ ನನಗೂ ಗೊತ್ತಿತ್ತು. ಮೇಷ್ಟ್ರಿಗೆ ಸಲ್ಯೂಟ್ ಹೊಡೆದು, "ಎಲ್ಲಾ ಹಾಜರ್ ಸಾರ್" ಎಂದೆ.

ಮೇಷ್ಟ್ರು ಸಾಲಿನ ಕೊನೆಯವನನ್ನು ನೋಡಿದರು. "ಇವನ್ಯಾರೋ?"

ಅವನ ಸ್ಕಾರ್ಫಿನ ಬಣ್ಣವೇ ಬೇರೆ. ಬಾಯಿ ತುಂಬ ನಮ್ಮ ಚಿತ್ರಾನ್ನ. ನುಂಗಿಕೊಂಡು ಹೇಳಿದ: "ಈ ಅಣ್ಣ ಸೇರ್ಕೊಳ್ಳಿ ಅಂತ ವಿಶಲ್ ಊದಿದ್ರು ಸಾರ್. ಬಂದೆ."

ನಮ್ಮ ಎಂಟನೆಯವನು, ಅಂದರೆ ಖಜಾಂಚಿ, ಗೇಟಿನ ಹತ್ತಿರ ಚುರುಮುರಿ ಗಾಡಿಯ ಮುಂದೆ ಸಿಕ್ಕಿದ. ಹದಿನಾಲ್ಕು ರೂಪಾಯಿಯಲ್ಲಿ ಉಳಿದಿದ್ದು ಎರಡು.

ಮುಂದಿನ ಕೋರ್ಟಿನಲ್ಲಿ ನಮ್ಮ ರಿಜಿಸ್ಟರ್ ತೆರೆದು ಓದಿಸಿದರು. ಬರೆಯುವವನು ಬಹಳ ಪ್ರಾಮಾಣಿಕ. ದುಂಡಗೆ ಬರೆದಿದ್ದ: "ಗೂಬೆ ಪೆಟ್ರೋಲ್. ಹಾಜರಿ 8. ಅದರಲ್ಲಿ ಒಂದು ಕಡ."